ಆನೆ ಕಾಸಿನ ಬಣ್ಣ: ರಾಯದುರ್ಗ–ಮಡಕಶಿರಾ ಸೀಮೆಯ ತಾಮ್ರದ ನಾಣ್ಯಗಳು
ಈಗ ರಾಯದುರ್ಗ, ಮಡಕಶಿರಾ ಸೀಮೆಯ ತಾಮ್ರದ ಕಾಸಿಗೆ ಬರೋಣ. ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಟಿಪ್ಪುವಿನ ಟಂಕಸಾಲೆ ಇತ್ತು. ಒಂದು ಬದಿ ಆನೆ, ಇನ್ನೊಂದು ಬದಿ ಪಾರ್ಸಿ ಲಿಪಿಯಲ್ಲಿ ‘ಫೈಜ್ ಹಿಸಾರ್’ ಅಂತಿದ್ದರೆ ಅದು ಗುತ್ತಿಯದು.

ಮೇಲಿನ ಕಂದು ಬಣ್ಣ ಕೊಳೆಯಲ್ಲ. ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೊದಲು ಕೆಂಪು ಆಕ್ಸೈಡ್ ಆಗುತ್ತೆ, ಆಮೇಲೆ ಕಪ್ಪು. ತೇವದ ಮಣ್ಣಲ್ಲಿದ್ದರೆ ಹಸಿರು ಕಾರ್ಬೊನೇಟ್. ಈ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತದೆ. ಚೊಂಬು ತೊಳೆದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ, ಸವೆದ ಅಕ್ಷರದ ಸುತ್ತ ತಗ್ಗಿನಲ್ಲಿ ಉಳಿದಿದ್ದ ಕಪ್ಪೂ ಹೋಗುತ್ತೆ. ಆಮೇಲೆ ಟಂಕಸಾಲೆಯ ಹೆಸರು ಓದೋದು ಹೇಗೆ? ಪಾಲಿಶ್ ಮಾಡಿದ್ದನ್ನ ನಾನಂತೂ ಕೊಳ್ಳಲ್ಲ.

ಪುಡಿಪುಡಿಯಾಗಿ ಉದುರುವ ತಿಳಿಹಸಿರು ಮಾತ್ರ ಬೇರೆ. ಅದು ಕ್ಲೋರೈಡಿನಿಂದ ಬರುವ ರೋಗ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರೆ ಮಾಡಿ, ಒಣ ಜಾಗದಲ್ಲಿಡಿ.