ಒಂದು ಬಕೆಟ್ ಅಕ್ಕಿ, ಒಂದು ಫೋಟೊ

2014ರ ಆಗಸ್ಟ್‌ನಲ್ಲಿ ಐಸ್ ಬಕೆಟ್ ಚಾಲೆಂಜ್ ಎಲ್ಲರ ಫೇಸ್‌ಬುಕ್ಕನ್ನೂ ತೋಯಿಸಿದ್ದು ನೆನಪಿರಬಹುದು. ಎಎಲ್‌ಎಸ್ ಎಂಬ ನರರೋಗದ ಸಂಸ್ಥೆಗೆ ಅಮೆರಿಕದಲ್ಲಿ ಅದು 11 ಕೋಟಿ ಡಾಲರಿಗೂ ಹೆಚ್ಚು ತಂದುಕೊಟ್ಟಿತು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮ್ಮ ಹೈದರಾಬಾದಿನಲ್ಲಿ ಅಷ್ಟು ನೀರು ಚೆಲ್ಲುವುದುಂಟೆ? ಇಲ್ಲಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ನೀರಿನ ಬದಲು ಅಕ್ಕಿ ಹಿಡಿದರು. ಇಲ್ಲದವರಿಗೆ ಒಂದು ಬಕೆಟ್ ಅಕ್ಕಿ ಕೊಡಿ, ಫೋಟೊ ಹಾಕಿ, ಗೆಳೆಯರಿಗೂ ಸವಾಲೊಡ್ಡಿ, ಇಷ್ಟೇ. ಕೆಲವೇ ದಿನಗಳಲ್ಲಿ ಅದು ದೇಶದ ಗಡಿ ದಾಟಿತು.

‘ಬಳಕೆದಾರ ಮುಂದೆ ಯಾವ ಬಟನ್ ಒತ್ತಬೇಕು’ ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವ ಕೆಲಸ ನನ್ನದು. ಅಕ್ಕಿ ಬಕೆಟ್ಟಿನ ಗುಟ್ಟು ನನಗೆ ಅಲ್ಲೇ ಕಾಣುತ್ತದೆ. ಅಕ್ಕಿ ಅಡುಗೆಮನೆಯಲ್ಲೇ ಇದೆ, ಪಡೆಯುವವರು ಬೀದಿಯ ತಿರುವಿನಲ್ಲೇ ಇದ್ದಾರೆ. ನಮ್ಮ ಸಂಘ-ಸಂಸ್ಥೆಗಳ ಪುಟಗಳಲ್ಲೋ ಹಾರ, ಶಾಲು, ದೀಪ ಬೆಳಗುವ ಚಿತ್ರಗಳು. ನೋಡಿದವರು ಲೈಕ್ ಒತ್ತಿ ಹೋಗುತ್ತಾರೆ. ಮಾಡಲು ಬೇರೇನೂ ಕೊಟ್ಟಿಲ್ಲವಲ್ಲ!

ಕೇಳುವುದಾದರೆ ಏನು, ಎಲ್ಲಿ, ಎಂದಿನೊಳಗೆ ಎಂದು ಬರೆಯಿರಿ. ಸಿಕ್ಕಮೇಲೆ ‘ಸಿಕ್ಕಿತು’ ಎಂದೂ ಹಾಕಿ. ತಾರೀಖಿಲ್ಲದ ರಕ್ತದ ಕೋರಿಕೆಗಳು ವಾಟ್ಸಾಪಿನಲ್ಲಿ ವರ್ಷಗಟ್ಟಲೆ ಸುತ್ತುತ್ತವೆ.

ನನಗೆ ಇರುಸುಮುರುಸಾಗುವುದು ಫೋಟೊದಲ್ಲೇ. ಕೊಟ್ಟವರ ನಗುವಿನ ಪಕ್ಕದಲ್ಲಿ ಪಡೆದವರ ತಗ್ಗಿದ ಮುಖ. ಆ ಚಿತ್ರ ಅವರ ಮಗಳ ಸಹಪಾಠಿಗಳ ಮೊಬೈಲಿಗೂ ಹೋಗುತ್ತದೆ. ಅಕ್ಕಿ ತುಂಬಿದ ಬಕೆಟ್ಟನ್ನಷ್ಟೇ ತೋರಿಸಿದರೂ ಸವಾಲು ಮುಂದಿನವರಿಗೆ ತಲುಪುತ್ತದೆ.