ಇಪ್ಪತ್ತೊಂದು ಫ್ರೇಮಿಗೊಂದು ಬಸ್ಸು

2021ರ ಏಪ್ರಿಲ್‌ನಲ್ಲಿ, ನಿಫ್ಟ್‌ಸ್ಕಿ ಎಂಬ ಹೆಸರಿನಲ್ಲಿ ಆಡುವ ಅಮೆರಿಕದ ತರುಣನೊಬ್ಬ 'ಸೂಪರ್ ಮಾರಿಯೊ ಬ್ರದರ್ಸ್' ಆಟವನ್ನು 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿದ. 4 ನಿಮಿಷ 55 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಈ ಆಟ ಮುಗಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಗಡಿಗಿಂತ ಅವನು ಉಳಿಸಿದ್ದು ಸೆಕೆಂಡಿನ ಸಾವಿರ ಪಾಲಿನಲ್ಲಿ 52 ಪಾಲು ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಅವನೇ 4:54.631 ಮುಟ್ಟಿದ. ಎರಡು ವರ್ಷಕ್ಕೂ ಹೆಚ್ಚಿನ ದುಡಿಮೆಗೆ ಸಿಕ್ಕ ಲಾಭ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ.

ಸ್ಪೀಡ್‌ರನ್ ಅಂದರೆ ಇದೇ: ಒಂದು ವಿಡಿಯೊ ಗೇಮನ್ನು ಆದಷ್ಟು ಬೇಗ ಮುಗಿಸುವುದು. ಕೆಲಸವಿಲ್ಲದವರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಇದರಲ್ಲಿ ಬೆರಳಿನ ವೇಗಕ್ಕಿಂತ ಸ್ವಾರಸ್ಯವಾದದ್ದು ಅಳತೆ. ಆಟದೊಳಗಿನ ಕಾಲ ಹೇಗೆ ಹರಿಯುತ್ತದೆ, ದಾಖಲೆ ನಿಜವೆಂದು ಹೇಗೆ ತೋರಿಸುವುದು, ಅದೃಷ್ಟ ಯಾವ ಮಿತಿ ದಾಟಿದರೆ ಅನುಮಾನ ಪಡಬೇಕು? ಈ ಸಮುದಾಯದ ನಿಯಮಗಳೆಲ್ಲ ಇಂಥ ಪ್ರಶ್ನೆಗಳ ಸುತ್ತ ಬೆಳೆದವು.

ಮಾರಿಯೊ ಆಟವನ್ನೇ ನೋಡಿ. ನಿಂಟೆಂಡೊ ಅದನ್ನು ಹೊರತಂದದ್ದು 1985ರಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ 'ಟಿವಿ ಗೇಮ್' ಎಂದು ಮಾರುತ್ತಿದ್ದ ನಕಲಿ ಯಂತ್ರಗಳ 'ಕ್ಯಾಸೆಟ್ಟು'ಗಳಲ್ಲಿ ಇದ್ದದ್ದೂ ಇದೇ. ಇಡೀ ಆಟದ ಗಾತ್ರ ಬರೀ 40 ಕಿಲೋಬೈಟು. ಅದು ಓಡುವ ನಿಂಟೆಂಡೊ ಯಂತ್ರದ ನೆನಪಿನ ಜಾಗ ಎರಡು ಕಿಲೋಬೈಟು. ಎಂಟು ಲೋಕಗಳು, ಮೂವತ್ತೆರಡು ಹಂತಗಳು. ಆದರೆ ಓಟಗಾರ ಆಡುವುದು ಎಂಟೇ ಹಂತ. ಗುಪ್ತ ಕೊಳವೆಗಳ ಮೂಲಕ ಒಂದನೇ ಲೋಕದಿಂದ ನಾಲ್ಕಕ್ಕೆ, ನಾಲ್ಕರಿಂದ ನೇರ ಎಂಟಕ್ಕೆ ಹಾರುತ್ತಾನೆ.

ಈ ಯಂತ್ರ ಪರದೆಯ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರ ಮೂಡಿಸುತ್ತದೆ. ಒಂದೊಂದೂ ಒಂದು ಫ್ರೇಮು, ಸುಮಾರು 16.6 ಮಿಲಿಸೆಕೆಂಡು. ಆಟದೊಳಗೆ ಇದಕ್ಕಿಂತ ಚಿಕ್ಕ ಕಾಲ ಎಂಬುದೇ ಇಲ್ಲ. ಗುಂಡಿ ಒತ್ತಿದ್ದು ಲೆಕ್ಕಕ್ಕೆ ಬರುವುದೂ ಫ್ರೇಮಿಗೆ ಒಂದೇ ಸಲ. ಇದರ ಮೇಲೆ ಇನ್ನೊಂದು ವಿಚಿತ್ರವಿದೆ. ಅಷ್ಟು ಬಡ ಯಂತ್ರದಲ್ಲಿ ಕೆಲಸ ಉಳಿಸಲೆಂದು ಆಟ ಬರೆದವರು ಕೆಲವು ಗಡಿಯಾರಗಳನ್ನು ಪ್ರತಿ ಫ್ರೇಮಿಗೂ ಇಳಿಸದೆ, 21 ಫ್ರೇಮಿಗೊಮ್ಮೆ ಮಾತ್ರ ಇಳಿಸಿದರು. ಒಂದು ಹಂತ ಮುಗಿದು ಮುಂದಿನದು ಶುರುವಾಗಲು ಈ ಗಡಿಯಾರದ ಅಪ್ಪಣೆ ಬೇಕು. ಓಟಗಾರರು ಇದನ್ನು ಬಸ್ಸಿಗೆ ಹೋಲಿಸುತ್ತಾರೆ: 21 ಫ್ರೇಮಿಗೊಂದು ಬಸ್ಸು ಹೊರಡುತ್ತದೆ, ನೀವು ನಿಲ್ದಾಣಕ್ಕೆ ಹತ್ತು ಫ್ರೇಮು ಮೊದಲೇ ಓಡಿ ಬಂದರೂ ಹತ್ತುವುದು ಅದೇ ಬಸ್ಸು. ಹೀಗಾಗಿ ಮೊದಲ ಏಳು ಹಂತಗಳಲ್ಲಿ ಸಮಯವನ್ನು ಉಳಿಸಿದರೆ ಒಮ್ಮೆಗೆ 0.35 ಸೆಕೆಂಡು, ಇಲ್ಲದಿದ್ದರೆ ಏನೂ ಇಲ್ಲ. ಕೊನೆಯ ಹಂತದಲ್ಲಿ ಮಾತ್ರ, ಅಲ್ಲಿನ ಗುರಿಯಾದ ಕೊಡಲಿಯನ್ನು ಮುಟ್ಟಿದ ಕ್ಷಣಕ್ಕೇ ಓಟ ಮುಗಿಯುವುದರಿಂದ, ಒಂದೊಂದು ಫ್ರೇಮಿಗೂ ಬೆಲೆ.

ಹಿಂದಿನ ಬಸ್ಸು ಹಿಡಿಯಬೇಕಾದರೆ ಆಟವನ್ನೇ ಮರುಳು ಮಾಡಬೇಕು. ಹಂತದ ಕೊನೆಯ ಬಾವುಟಗಂಬದ ಬುಡದ ಇಟ್ಟಿಗೆಯೊಳಗೆ ಮಾರಿಯೊನನ್ನು ಸರಿಯಾಗಿ ತೂರಿಸಿದರೆ ಬಾವುಟ ಇಳಿಯುವ ದೃಶ್ಯವೇ ತಪ್ಪುತ್ತದೆ. ನಾಲ್ಕನೇ ಲೋಕದ ಎರಡನೇ ಹಂತದ ಉಪಾಯ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಕೊಳವೆ ಎಲ್ಲಿಗೆ ಕರೆದೊಯ್ಯಬೇಕೆಂದು ಆಟ ತೀರ್ಮಾನಿಸುವುದು ಪರದೆ ಎಷ್ಟು ಸರಿದಿದೆ ಎಂಬುದನ್ನು ನೋಡಿ. ಮಾರಿಯೊ ಎಲ್ಲಿದ್ದಾನೆ ಎಂಬುದನ್ನಲ್ಲ. ಇಟ್ಟಿಗೆಗಳಿಗೆ ಬೇಕೆಂದೇ ತಾಗಿ ಮಾರಿಯೊನನ್ನು ಪರದೆಯ ಮೇಲೆ ಕೆಲವು ಚುಕ್ಕಿ ಬಲಕ್ಕೆ ಜರುಗಿಸಿದರೆ, ಪರದೆ ಸರಿಯುವ ಮೊದಲೇ ಅವನು ಕೊಳವೆಗೆ ಇಳಿಯುತ್ತಾನೆ. ಆಟದ ನೆನಪಿನಲ್ಲಿ ಇನ್ನೂ ಹಳೆಯ ವಿಳಾಸವೇ ಇರುತ್ತದೆ. ಬಳ್ಳಿ ಹತ್ತಿ ಹೋಗಬೇಕಿದ್ದ ಗುಪ್ತ ಜಾಗಕ್ಕೆ ಕೊಳವೆಯೇ ಒಯ್ದುಬಿಡುತ್ತದೆ.

ಇದು ಮೋಸವಲ್ಲವೇ? ಸಮುದಾಯದ ಉತ್ತರ ಸ್ಪಷ್ಟ: ಆಟದೊಳಗೇ ಇರುವ ದೋಷವನ್ನು ಬಳಸುವುದು ಆಟ, ಆಟವನ್ನು ಹೊರಗಿನಿಂದ ತಿದ್ದುವುದು ಮೋಸ. ದೋಷ ಬೇಡವೆನ್ನುವವರಿಗೆ 'ಗ್ಲಿಚ್‌ಲೆಸ್' ಎಂಬ ಬೇರೆ ಪಟ್ಟಿ ಇದೆ. ಹೇಗಾದರೂ ಮುಗಿಸಿದರೆ ಸಾಕು ಎಂಬುದು 'ಎನಿ ಪರ್ಸೆಂಟ್', ಎಲ್ಲವನ್ನೂ ಸಂಗ್ರಹಿಸಿ ಮುಗಿಸುವುದು 'ಹಂಡ್ರೆಡ್ ಪರ್ಸೆಂಟ್'. ಕೆಲವೊಮ್ಮೆ ಗೆರೆ ಎಳೆಯುವುದು ಕಷ್ಟ. ಹಳೆಯ ನಿಯಂತ್ರಕದ ಪ್ಲಸ್ ಆಕಾರದ ಗುಂಡಿಯಲ್ಲಿ ಎಡ ಮತ್ತು ಬಲವನ್ನು ಒಟ್ಟಿಗೆ ಒತ್ತಲು ಬರುವುದಿಲ್ಲ, ಕೀಬೋರ್ಡಿನಲ್ಲಿ ಬರುತ್ತದೆ. ಹಾಗೆ ಒತ್ತಿದರೆ ಮಾರಿಯೊ ಬೇಗ ವೇಗ ಪಡೆಯುತ್ತಾನೆ. ಆದ್ದರಿಂದ ಕೀಬೋರ್ಡಿಗೆ ಒಪ್ಪಿಗೆ, ಎರಡನ್ನೂ ಒಟ್ಟಿಗೆ ಒತ್ತುವುದಕ್ಕೆ ನಿಷೇಧ.

ಗಡಿಯಾರದ ತಕರಾರುಗಳಿಗೆ ಕೊನೆಯಿಲ್ಲ. ಕಂಪ್ಯೂಟರ್ ಆಟಗಳಲ್ಲಿ ದುಬಾರಿ ಯಂತ್ರವಿದ್ದವನಿಗೆ ಹಂತಗಳು ಬೇಗ ಲೋಡ್ ಆಗುತ್ತವೆ, ಅದಕ್ಕೆ ಎಷ್ಟೋ ಆಟಗಳಲ್ಲಿ ಆ ಹೊತ್ತನ್ನು ಕಳೆದು ಲೆಕ್ಕ ಹಾಕುತ್ತಾರೆ. ಲೈವ್‌ಸ್ಪ್ಲಿಟ್ ಎಂಬ ಉಚಿತ ತಂತ್ರಾಂಶ ಆಟದ ನೆನಪಿನೊಳಗೆ ಇಣುಕಿ, ಹಂತ ಮುಗಿದದ್ದನ್ನು ತಾನೇ ಗುರುತಿಸಿ ಸಮಯ ಬರೆದುಕೊಳ್ಳುತ್ತದೆ. 'ಜೆಲ್ಡಾ: ಆಕರಿನಾ ಆಫ್ ಟೈಮ್' ಓಡುವವರು, ಜಪಾನಿ ಭಾಷೆಯ ಒಂದಕ್ಷರ ಬಾರದಿದ್ದರೂ, ಜಪಾನಿ ಆವೃತ್ತಿಯನ್ನೇ ಹುಡುಕಿ ಕೊಳ್ಳುತ್ತಿದ್ದರು, ಏಕೆಂದರೆ ಅದರಲ್ಲಿ ಪಾತ್ರಗಳ ಮಾತು ಪರದೆಯ ಮೇಲೆ ಇಂಗ್ಲಿಷಿನದಕ್ಕಿಂತ ಬೇಗ ಮುಗಿಯುತ್ತದೆ. ಭಾರತದ ಟೀವಿಗಳು ಅನುಸರಿಸುತ್ತಿದ್ದ ಪಾಲ್ ಪದ್ಧತಿ ಸೆಕೆಂಡಿಗೆ 50 ಚಿತ್ರಗಳದು, ಅಮೆರಿಕ ಮತ್ತು ಜಪಾನಿನದು 60ರದು. ಮಾರಿಯೊ ಓಟದಲ್ಲಿ ಈ ಎರಡನ್ನೂ ಬೆರೆಸುವುದಿಲ್ಲ.

ದಾಖಲೆಗೆ ಪುರಾವೆ ಕೊಡುವ ಅತ್ಯಂತ ಸೊಗಸಾದ ವಿಧಾನ ಬಂದದ್ದು 1993ರ 'ಡೂಮ್' ಆಟದಿಂದ. ಅದು ಸೆಕೆಂಡಿಗೆ 35 ಹೆಜ್ಜೆಗಳಲ್ಲಿ ನಡೆಯುತ್ತದೆ. ಪ್ರತಿ ಹೆಜ್ಜೆಗೆ ಆಟಗಾರ ಏನು ಒತ್ತಿದ ಎಂಬುದನ್ನು ನಾಲ್ಕು ಬೈಟಿನಲ್ಲಿ ಬರೆದಿಡುತ್ತದೆ. ಒಂದು ನಿಮಿಷದ ಆಟಕ್ಕೆ 8,400 ಬೈಟು, ಅಷ್ಟೇ. ವಿಡಿಯೊ ಇಲ್ಲವೇ ಇಲ್ಲ. ಆ ಕಡತವನ್ನು ಬೇರೆಯವರ ಕಂಪ್ಯೂಟರಿನಲ್ಲಿ ಹಾಕಿದರೆ ಇಡೀ ಆಟ ಇದ್ದದ್ದು ಇದ್ದ ಹಾಗೆ ಮತ್ತೆ ನಡೆಯುತ್ತದೆ. ರಾಕ್ಷಸರ ನಡೆ ಯಾದೃಚ್ಛಿಕ ಅಲ್ಲವೇ ಎಂದರೆ, ಅದು ಬರೀ ತೋರಿಕೆ: 256 ಸಂಖ್ಯೆಗಳ ಒಂದು ಸ್ಥಿರ ಪಟ್ಟಿಯಿಂದ ಆಟ ಸಾಲಾಗಿ ಸಂಖ್ಯೆ ತೆಗೆದುಕೊಳ್ಳುತ್ತದೆ. ಅದೇ ಗುಂಡಿ, ಅದೇ ಫಲ.

ಇದೇ ಗುಣದಿಂದ ಹುಟ್ಟಿದ್ದು ಯಂತ್ರ ನೆರವಿನ ಓಟ, ಓಟಗಾರರ ಬಾಯಲ್ಲಿ 'ಟಾಸ್'. ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರಿನಲ್ಲಿ ಆಟವನ್ನು ಒಂದೊಂದೇ ಫ್ರೇಮಿನಂತೆ ಮುಂದೆ ತಳ್ಳಿ, ತಪ್ಪಾದರೆ ಹಿಂದೆ ಸರಿದು, ಮನುಷ್ಯನಿಗೆ ಅಸಾಧ್ಯವಾದ ಓಟವನ್ನು ವಾರಗಟ್ಟಲೆ ಕೂತು ಕಟ್ಟುತ್ತಾರೆ. 2003ರಲ್ಲಿ ಮೊರಿಮೊಟೊ ಎಂಬ ಹೆಸರಿನ ಜಪಾನಿ ಆಟಗಾರ ಮೂರನೇ ಮಾರಿಯೊ ಆಟವನ್ನು 11 ನಿಮಿಷದಲ್ಲಿ ಮುಗಿಸಿದ ವಿಡಿಯೊ ಜಗತ್ತೆಲ್ಲ ಹರಡಿದಾಗ, ಅದು ಹೀಗೆ ಕಟ್ಟಿದ್ದೆಂದು ತಿಳಿಯದೆ ಅನೇಕರು ಬೆರಗಾದರು. ತಿಳಿದ ಮೇಲೆ ಸಿಟ್ಟಾದರು. ಈಗ ಇಂಥ ಓಟಗಳ ಪಟ್ಟಿಯೇ ಬೇರೆ. ಮನುಷ್ಯರ ಓಟಕ್ಕೆ ಅವು ನಕ್ಷೆ: ಎಲ್ಲಿಯವರೆಗೆ ಹೋಗಲು ಸಾಧ್ಯ ಎಂಬುದನ್ನು ತೋರಿಸುತ್ತವೆ.

ಎಲ್ಲಿಯವರೆಗೆ ಸಾಧ್ಯವಿಲ್ಲ ಎಂಬುದನ್ನೂ ತೋರಿಸಬಹುದು. ಅಟಾರಿ 2600 ಯಂತ್ರಕ್ಕೆ 1980ರಲ್ಲಿ ಬಂದ 'ಡ್ರ್ಯಾಗ್‌ಸ್ಟರ್' ಒಂದು ಕಾರ್ ರೇಸು. ಗೇರು ಬದಲಿಸುತ್ತ ಓಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. 1982ರಿಂದ ಟಾಡ್ ರೋಜರ್ಸ್ ಎಂಬವರ 5.51 ಸೆಕೆಂಡಿನ ದಾಖಲೆ ಗಟ್ಟಿಯಾಗಿ ಕೂತಿತ್ತು. ಎರಿಕ್ ಕೊಜೀಲ್ ಎಂಬ ಓಟಗಾರ ಆಟದ ಸಂಕೇತವನ್ನು ಬಿಡಿಸಿ, ಸಾಧ್ಯವಿರುವ ನಡೆಗಳನ್ನೆಲ್ಲ ಲೆಕ್ಕ ಹಾಕಿದ. ಸಿಕ್ಕ ಅತ್ಯುತ್ತಮ ಸಮಯ 5.57. ಆ ಆಟದ ಗಡಿಯಾರ ಸುಮಾರು 0.03 ಸೆಕೆಂಡಿನ ಮೆಟ್ಟಿಲುಗಳಲ್ಲಿ ಏರುವುದರಿಂದ 5.51 ಎರಡು ಮೆಟ್ಟಿಲು ಕೆಳಗಿನ ಸಂಖ್ಯೆ. 2018ರ ಜನವರಿಯಲ್ಲಿ, ದಾಖಲೆಗಳನ್ನು ಕಾಯುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಅದನ್ನು ಪಟ್ಟಿಯಿಂದ ಕಿತ್ತುಹಾಕಿತು.

ಆಟ ನಿಜವಾಗಿಯೂ ಅದೃಷ್ಟವನ್ನು ನೆಚ್ಚಿಕೊಂಡಾಗ ಏನು ಮಾಡುವುದು? 'ಮೈನ್‌ಕ್ರಾಫ್ಟ್' ಓಟದಲ್ಲಿ ಡ್ರ್ಯಾಗನ್ ಕೊಲ್ಲಲು ಎರಡು ಸಾಮಗ್ರಿ ಬೇಕು. ಪಿಗ್ಲಿನ್ ಎಂಬ ಹಂದಿಮುಖದ ಜೀವಿಗಳಿಗೆ ಚಿನ್ನ ಕೊಟ್ಟರೆ, ಓಟಗಾರರು ಆಗ ಆಡುತ್ತಿದ್ದ ಆವೃತ್ತಿಯಲ್ಲಿ, 100ಕ್ಕೆ ಸುಮಾರು 4.7 ಸಲ ಎಂಡರ್ ಮುತ್ತು ಸಿಗುತ್ತಿತ್ತು. ಬ್ಲೇಜ್ ಎಂಬ ಬೆಂಕಿಜೀವಿಯನ್ನು ಕೊಂದರೆ ಎರಡಕ್ಕೊಂದು ಸಲ ಕೋಲು ಬೀಳುತ್ತದೆ. 2020ರಲ್ಲಿ ಡ್ರೀಮ್ ಎಂಬ ಹೆಸರಿನ ಹೆಸರಾಂತ ಯೂಟ್ಯೂಬರ್ ನೇರಪ್ರಸಾರದಲ್ಲಿ ಆಡಿದ ಆಟಗಳನ್ನು, ದಾಖಲೆ ಪರಿಶೀಲಿಸುವ ಮಾಡರೇಟರುಗಳು ಎಣಿಸಿದರು. 262 ವಿನಿಮಯಕ್ಕೆ 42 ಸಲ ಮುತ್ತು. ಬರಬೇಕಿದ್ದದ್ದು ಸುಮಾರು 12. ಕೊಂದ 305 ಬ್ಲೇಜುಗಳಲ್ಲಿ ಕೋಲು ಬಿಟ್ಟವು 211. ನಿರೀಕ್ಷೆ 153ರ ಆಸುಪಾಸು.

ಇಲ್ಲಿ ಆತುರದ ಲೆಕ್ಕ ದಾರಿ ತಪ್ಪಿಸುತ್ತದೆ. ಬೇಕಾದಷ್ಟು ಮುತ್ತು ಸಿಕ್ಕ ಕೂಡಲೇ ಆಟಗಾರ ವಿನಿಮಯ ನಿಲ್ಲಿಸುತ್ತಾನೆ, ಅಂದರೆ ಪ್ರತಿ ಸರಣಿಯೂ ಗೆಲುವಿನಲ್ಲೇ ಮುಗಿಯುತ್ತದೆ. ಅದರಿಂದ ಸರಾಸರಿ ಸ್ವಲ್ಪ ಮೇಲೇರುತ್ತದೆ. ಅಲ್ಲದೆ ಅನುಮಾನ ಬಂದ ಆರು ಪ್ರಸಾರಗಳನ್ನಷ್ಟೇ ಆರಿಸಿ ಎಣಿಸಿದ್ದೂ ಒಂದು ಪಕ್ಷಪಾತ. ಸಾವಿರಾರು ಜನ ಆಡುವಾಗ ಯಾರಿಗಾದರೂ ಒಬ್ಬರಿಗೆ ಅಪರೂಪದ ಅದೃಷ್ಟ ಒಲಿದೇ ಒಲಿಯುತ್ತದೆ. ಮಾಡರೇಟರುಗಳು ಇವನ್ನೆಲ್ಲ ಡ್ರೀಮ್‌ಗೆ ಅನುಕೂಲವಾಗುವಂತೆಯೇ ತಿದ್ದಿ ಲೆಕ್ಕ ಹಾಕಿದರು. ಇಷ್ಟಾದರೂ ಇಡೀ ಸಮುದಾಯದಲ್ಲಿ ಯಾರಿಗಾದರೂ ಇಂಥ ಅದೃಷ್ಟ ಬರುವ ಸಾಧ್ಯತೆ ಏಳೂವರೆ ಲಕ್ಷ ಕೋಟಿಯಲ್ಲಿ ಒಂದು. ಆ ಡಿಸೆಂಬರಿನಲ್ಲಿ ಓಟವನ್ನು ತಿರಸ್ಕರಿಸಿದರು. ಡ್ರೀಮ್ ಬಲವಾಗಿ ಅಲ್ಲಗಳೆದ; 2021ರ ಮೇ ತಿಂಗಳಲ್ಲಿ, ಸಾಧ್ಯತೆಗಳನ್ನು ಬದಲಿಸುವ ಒಂದು ಮಾಡ್ (ಆಟವನ್ನು ತಿದ್ದುವ ತಂತ್ರಾಂಶ) ಆಗ ಚಾಲ್ತಿಯಲ್ಲಿತ್ತು, ತನಗೆ ಗೊತ್ತಿರಲಿಲ್ಲ ಎಂದ. ಸಂಖ್ಯಾಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಇಷ್ಟೆಲ್ಲ ಸಲಕರಣೆ ಇದ್ದೂ ಬಗೆಹರಿಯದ ಪ್ರಸಂಗವೂ ಉಂಟು. 2013ರಲ್ಲಿ 'ಸೂಪರ್ ಮಾರಿಯೊ 64' ಆಡುತ್ತಿದ್ದ ಒಬ್ಬನ ಪರದೆಯಲ್ಲಿ ಮಾರಿಯೊ ಇದ್ದಕ್ಕಿದ್ದಂತೆ ಮೇಲಿನ ಅಂತಸ್ತಿಗೆ ಚಿಮ್ಮಿದ. ಇದನ್ನು ಮತ್ತೆ ಮಾಡಿ ತೋರಿಸಿದವರಿಗೆ ಸಾವಿರ ಡಾಲರ್ ಬಹುಮಾನವನ್ನು ಪ್ಯಾನೆನ್‌ಕೂಕ್ ಎಂಬ ಹೆಸರಿನ ಸಂಶೋಧಕ ಘೋಷಿಸಿದ. ಯಾವ ಗುಂಡಿ ಒತ್ತಿದರೂ ಅದು ಮರುಕಳಿಸಲಿಲ್ಲ. ಕೊನೆಗೆ ಎಮ್ಯುಲೇಟರಿನಲ್ಲಿ, ಮಾರಿಯೊನ ಎತ್ತರ ಬರೆದಿಟ್ಟ ಜಾಗದ ಒಂದೇ ಒಂದು ಬಿಟ್ಟನ್ನು 1ರಿಂದ 0ಗೆ ತಿರುಗಿಸಿದಾಗ ಅದೇ ಜಿಗಿತ ಕಂಡಿತು. 11000101 ಇದ್ದದ್ದು 11000100 ಆಗಿ, ಸುಮಾರು ಮೈನಸ್ 4,200 ಇದ್ದ ಎತ್ತರ ನಾಲ್ಕನೇ ಒಂದಕ್ಕೆ, ಮೈನಸ್ 1,050ರ ಹತ್ತಿರಕ್ಕೆ ಬಂದಿತ್ತು. ಬಿಟ್ಟನ್ನು ತಿರುಗಿಸಿದ್ದು ಬಾಹ್ಯಾಕಾಶದಿಂದ ಬಂದ ಕಾಸ್ಮಿಕ್ ಕಣ ಎಂಬ ಕತೆ ಜನಪ್ರಿಯವಾಗಿದೆ. ಅಂಥ ಕಣಗಳು ನೆನಪಿನ ಚಿಪ್ಪುಗಳನ್ನು ಕೆಡಿಸುವುದು ನಿಜವೇ. ಆದರೆ ಕಾರ್ಟ್ರಿಜ್ ಸರಿಯಾಗಿ ಕೂರದಿದ್ದರೂ ಹೀಗಾಗಬಹುದು. ಬೇಕೆಂದಾಗ ಮಾಡಲು ಬಾರದ ಆ ಜಿಗಿತ ಇವತ್ತಿಗೂ ಯಾವ ಓಟಗಾರನ ದಾರಿಯಲ್ಲೂ ಸೇರಿಲ್ಲ.