ಮೊದಲ ಎರಡು ತಿಂಗಳ ಸೂರು

1896ರಲ್ಲಿ ನಾಲ್ಕನೇ ಹುಸಾರ್ ಕುದುರೆದಳದೊಂದಿಗೆ ಬೆಂಗಳೂರು ದಂಡಿಗೆ ಬಂದಿಳಿದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್‌ಗೆ ಇಲ್ಲಿ ಸರ್ಕಾರಿ ಮನೆ ಸಿಗಲಿಲ್ಲ. ದಕ್ಷಿಣ ಭಾರತದಲ್ಲಿ ಸೇನಾಧಿಕಾರಿಗಳಿಗೆ ವಸತಿ ಕೊಡುವ ಪದ್ಧತಿ ಆಗ ಇರಲಿಲ್ಲ; ಭತ್ಯೆ ಕೊಟ್ಟು, ಮನೆ ನೀವೇ ನೋಡಿಕೊಳ್ಳಿ ಎನ್ನುತ್ತಿದ್ದರು. ಚರ್ಚಿಲ್ ಇಬ್ಬರು ಜೊತೆಗಾರರೊಂದಿಗೆ ಸೇರಿ ಒಂದು ಬಂಗಲೆ ಹಿಡಿದು, ಖರ್ಚನ್ನು ಮೂವರಲ್ಲಿ ಹಂಚಿಕೊಂಡರು. ಅದಕ್ಕೂ ಮೊದಲೇ, 1887ರಲ್ಲಿ, ಬ್ರಾನ್ಸನ್ ಎಂಬ ಮಹಿಳೆ ರೇಸ್‌ಕೋರ್ಸ್ ಬಳಿ ಹತ್ತು ಕೋಣೆಗಳ ವಸತಿಗೃಹವೊಂದನ್ನು ತೆರೆದಿದ್ದರು. ಹೊಸದಾಗಿ ಬಂದ ಯುರೋಪಿಯನ್ನರು ಸ್ವಂತ ಬಾಡಿಗೆ ಮನೆ ಸಿಗುವ ತನಕ ತಂಗಲು ಅಂಥ ತಾಣಗಳು ಬೇಕಾಗುತ್ತಿದ್ದವು. ಇಂದಿನ ವೆಸ್ಟ್ ಎಂಡ್ ಹೋಟೆಲಿನ ಮೂಲ ಅದೇ.

ಈಗ ಹೊರಟವರು ನಮ್ಮವರು. ಶಿವಾಜಿನಗರ, ಹಲಸೂರು, ಕೆ.ಆರ್.ಪುರದ ಹುಡುಗ ಹುಡುಗಿಯರು ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೂಟ್‌ಕೇಸು ಕೊಂಡು, ಮ್ಯೂನಿಕ್‌ಗೋ ಬರ್ಲಿನ್‌ಗೋ ವಿಮಾನ ಹತ್ತುತ್ತಾರೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಓದಲು ಹೋಗುವವರು, ಆಸ್ಪತ್ರೆ ಕೆಲಸಕ್ಕೆ ಹೋಗುವ ನರ್ಸ್‌ಗಳು, ಸಾಫ್ಟ್‌ವೇರಿನವರು, ಎಲ್ಲರೂ ಮೊದಲು ಎದುರಿಸುವ ಪ್ರಶ್ನೆ ಒಂದೇ: ಇಳಿದ ರಾತ್ರಿ ಎಲ್ಲಿ ಮಲಗುವುದು, ಕಾಯಂ ಮನೆ ಸಿಗುವ ತನಕ ಎಲ್ಲಿರುವುದು?

ತಾತ್ಕಾಲಿಕ ವಸತಿ ಎಂದರೆ ನಮಗೆ ನೆನಪಾಗುವುದು ಶಿವಾಜಿನಗರ ಬಸ್ ನಿಲ್ದಾಣದ ಸುತ್ತಮುತ್ತಲಿನ ಲಾಡ್ಜ್. ಬೌರಿಂಗ್ ಆಸ್ಪತ್ರೆಗೆ ಬಂದವರು, ಕೋರ್ಟು ಕಚೇರಿಗೆಂದು ಬಂದವರು ಆಧಾರ್ ತೋರಿಸಿ, ಒಂದು ದಿನದ ಬಾಡಿಗೆ ಕಟ್ಟಿ ಕೀ ಪಡೆಯುತ್ತಾರೆ. ಅಲ್ಲಿ ನೋಡುವುದು ಬಾಡಿಗೆ, ಸ್ವಚ್ಛತೆ, ಬಿಸಿನೀರು ಇಷ್ಟನ್ನೇ. ಇದೇ ಲೆಕ್ಕವನ್ನು ಜರ್ಮನಿಗೆ ಒಯ್ದವರು ಮೊದಲ ತಿಂಗಳಲ್ಲೇ ತೊಡಕಿಗೆ ಸಿಕ್ಕಿಬೀಳುತ್ತಾರೆ. ಅಲ್ಲಿ ಮೊದಲ ಕೋಣೆ ಸೂರಿನ ಜೊತೆಗೆ ವಿಳಾಸವನ್ನೂ ಕೊಡಬೇಕು, ಸರ್ಕಾರ ಒಪ್ಪುವ ವಿಳಾಸವನ್ನು.

ಜರ್ಮನಿಯಲ್ಲಿ ನೆಲೆಸಲು ಹೋದವರು ಮನೆ ಸೇರಿದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. 2015ರ ನವೆಂಬರ್ 1ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಮಾತ್ರ ತೋರಿಸಿದರೆ ಸಾಲದು. ‘ಇವರು ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸವಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಹಾಕಿದ ಪತ್ರವೂ ಬೇಕು. ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಎಂಬ ಉದ್ದ ಹೆಸರಿನ ಈ ಪತ್ರ ಇರುವುದು ಒಂದೇ ಹಾಳೆ. ಆದರೆ ಮುಂದಿನ ಕೆಲಸಗಳೆಲ್ಲ ನಿಂತಿರುವುದು ಆ ಹಾಳೆಯ ಮೇಲೆ. ನೋಂದಣಿ ಆದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಸಿಗದಿದ್ದರೆ ಕಂಪನಿಯವರು ಸಂಬಳದಿಂದ ಆರನೇ ವರ್ಗದ, ಅಂದರೆ ಎಲ್ಲಕ್ಕಿಂತ ಹೆಚ್ಚಿನ, ತೆರಿಗೆ ಹಿಡಿಯುತ್ತಾರೆ. ಆ ಹಣ ಆಮೇಲೆ ಮರಳಿ ಬಂದರೂ ಕೈ ಬಿಗಿಯಾದ ಮೊದಲ ತಿಂಗಳಲ್ಲಿ ಅದು ದೊಡ್ಡ ಪೆಟ್ಟು. ವೀಸಾ ಮುಗಿಯುವ ಮುನ್ನ ಪಡೆಯಬೇಕಾದ ವಾಸದ ಪರವಾನಗಿಗೂ ಈ ನೋಂದಣಿ ಬೇಕು.

ತೊಡಕು ಇರುವುದು ಇಲ್ಲೇ. ಅಗ್ಗದ ಹಾಸ್ಟೆಲ್‌ಗಳು, ಹೋಟೆಲ್‌ಗಳು, ಪ್ರವಾಸಿಗರಿಗೆಂದು ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಮನೆಗಳು ಸಾಮಾನ್ಯವಾಗಿ ಈ ಪತ್ರ ಕೊಡುವುದಿಲ್ಲ. ಕೊಡಿಸುತ್ತೇವೆಂದು ದುಡ್ಡು ಕೇಳುವವರು ಇದ್ದಾರೆ. ಅವರ ಹತ್ತಿರ ಸುಳಿಯಬೇಡಿ: ವಾಸವಿಲ್ಲದವರಿಗೆ ಸುಳ್ಳು ವಿಳಾಸ ಒದಗಿಸಿದರೆ 50,000 ಯೂರೋ ತನಕ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಪರದೇಶದಲ್ಲಿ ಹೆಜ್ಜೆ ಇಟ್ಟ ಮೊದಲ ವಾರವೇ ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆಸುವುದು ಯಾವ ಬಾಡಿಗೆ ಉಳಿತಾಯಕ್ಕೂ ತಕ್ಕದ್ದಲ್ಲ.

ಹಾಗಾಗಿ ಒಂದು ಅಥವಾ ಎರಡು ತಿಂಗಳಿಗೆ ಕೋಣೆ ಹುಡುಕುವವರು ನೋಡಬೇಕಾದದ್ದು ಜ್ವಿಷೆನ್‌ಮೀಟೆ ಎಂಬ ನಡುಗಾಲದ ಬಾಡಿಗೆಯನ್ನು. ಒಂದೇ ಮನೆಯನ್ನು ಮೂರು ನಾಲ್ಕು ಜನ ಹಂಚಿಕೊಂಡು ಇರುವ ‘ವೇಗೇ’ (WG) ಅಲ್ಲಿನ ಯುವಜನರ ಸಾಮಾನ್ಯ ವಸತಿ. ಚರ್ಚಿಲ್ ದಂಡಿನಲ್ಲಿ ಹಿಡಿದದ್ದು ಹೆಚ್ಚುಕಡಿಮೆ ಇಂಥದ್ದನ್ನೇ. ವೇಗೇಯಲ್ಲಿ ಇರುವವರಲ್ಲೊಬ್ಬರು ಇಂಟರ್ನ್‌ಶಿಪ್‌ಗೋ ರಜೆಗೋ ಊರು ಬಿಟ್ಟಾಗ ತಮ್ಮ ಕೋಣೆಯನ್ನು ಮಂಚ, ಮೇಜು, ಕಪಾಟು ಸಮೇತ ಬೇರೆಯವರಿಗೆ ಕೊಡುತ್ತಾರೆ. ವೇಗೇ-ಗೆಜೂಖ್ಟ್ ಎಂಬ ಜಾಲತಾಣದಲ್ಲಿ ಇಂಥ ಕೋಣೆಗಳ ಜಾಹೀರಾತುಗಳು ದಿನವೂ ಬರುತ್ತವೆ. ಇಲ್ಲಿ ನಿಮಗೆ ಪತ್ರ ಬರೆದುಕೊಡುವ ಹಕ್ಕು ಕೋಣೆ ಬಿಟ್ಟುಕೊಟ್ಟ ಮುಖ್ಯ ಬಾಡಿಗೆದಾರರಿಗೂ ಇದೆ. ಆದರೆ ಒಳಬಾಡಿಗೆಗೆ ಕೊಡಲು ಮನೆ ಮಾಲೀಕರ ಒಪ್ಪಿಗೆ ಅವರ ಬಳಿ ಇದೆಯೇ ಎಂದು ಕೇಳಿ ತಿಳಿಯಿರಿ. ಇಲ್ಲದಿದ್ದರೆ ನಡುವೆಯೇ ಗಂಟುಮೂಟೆ ಕಟ್ಟಬೇಕಾದೀತು.

ಪತ್ರ ಸಿಕ್ಕಿತು, ನೋಂದಣಿಯೂ ಆಯಿತು ಎನ್ನೋಣ. ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತದೆ, ಅದನ್ನು ಮರೆತವರು ಬಹಳ. ಶಿವಾಜಿನಗರದ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಒಳ ಓಣಿಗೆ ಬಂದ ಪತ್ರ ಮನೆ ನಂಬರು ತಪ್ಪಿದ್ದರೂ ಮುಟ್ಟುತ್ತದೆ. ಅಂಚೆಯವರು ಎದುರಿನ ಅಂಗಡಿಯಲ್ಲಿ ಕೇಳುತ್ತಾರೆ, ಇಲ್ಲವೇ ಮೂರನೇ ಮಹಡಿಯತ್ತ ಕೂಗಿ ಕರೆಯುತ್ತಾರೆ. ಜರ್ಮನಿಯ ಬಹುಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ನಂಬರೇ ಇರದಿರುವುದು ಮಾಮೂಲು. ಬಾಗಿಲ ಬಳಿ ಸಾಲಾಗಿ ತಗಡಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಮನೆತನದ ಹೆಸರಿನ ಚೀಟಿ. ಅಂಚೆಯವರು ಆ ಹೆಸರನ್ನು ಓದಿ ಪತ್ರ ಹಾಕುತ್ತಾರೆ. ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ, ಬ್ಯಾಂಕಿನ ಕಾರ್ಡು, ವಿಮೆಯ ಕಾಗದ ಎಲ್ಲವೂ ಬಂದ ದಾರಿ ಹಿಡಿಯುತ್ತವೆ. ಕೋಣೆ ಸೇರಿದ ದಿನವೇ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆದು ಅಂಟಿಸಿ. ಅದಕ್ಕೆ ಅವಕಾಶ ಇಲ್ಲದಿದ್ದರೆ ಮುಖ್ಯ ಬಾಡಿಗೆದಾರರ ಹೆಸರನ್ನು ಕೇರಾಫ್ ಎಂದು ಸೇರಿಸಿ ವಿಳಾಸ ಕೊಡಿ. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು ಇನಿಶಿಯಲ್ಲಾಗಿ ನಿಂತು ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿ ಬರುವುದುಂಟು. ಆದ್ದರಿಂದ ಈ ಎಚ್ಚರಿಕೆ ಕನ್ನಡಿಗರಿಗೆ ಇನ್ನೂ ಹೆಚ್ಚು ಬೇಕು.

ಹೊರಡುವ ಕಾಲವನ್ನೂ ಲೆಕ್ಕ ಹಾಕಬೇಕು. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಆರಂಭ. ಮ್ಯೂನಿಕ್‌ನಲ್ಲಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಕ್ಟೋಬರ್‌ಫೆಸ್ಟ್ ಜಾತ್ರೆ. ಆಗ ಹೋಟೆಲ್, ಹಾಸ್ಟೆಲ್‌ಗಳ ದರ ದುಪ್ಪಟ್ಟು ಆಗುವುದೂ ಉಂಟು, ಹಾಸಿಗೆ ಸಿಗದಿರುವುದೂ ಉಂಟು. ಹೊಸ ವಿದ್ಯಾರ್ಥಿಗಳು ಬಂದಿಳಿಯುವುದೂ ಅದೇ ಹದಿನೈದು ದಿನಗಳಲ್ಲಿ! ವೀಸಾ ಕೈಗೆ ಬಂದಿದ್ದರೆ ಸೆಪ್ಟೆಂಬರ್ ಮೊದಲ ವಾರವೇ ಹೋಗುವುದು ಮೇಲು. ಆಗಸ್ಟ್, ಸೆಪ್ಟೆಂಬರ್ ರಜೆಯಾದ್ದರಿಂದ ನಡುಗಾಲದ ಕೋಣೆಗಳೂ ಆಗ ಹೆಚ್ಚು. ಭಾನುವಾರ ಇಳಿಯುವುದನ್ನು ಆದಷ್ಟು ತಪ್ಪಿಸಿ. ಅಂದು ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನ ಕೆಲವು ಮಳಿಗೆಗಳನ್ನು ಬಿಟ್ಟರೆ ಹಾಲು ಅಕ್ಕಿ ಸಿಗುವುದು ಕಷ್ಟ. ನೋಂದಣಿ ಕಚೇರಿಯ ಸಮಯವನ್ನು ಬೆಂಗಳೂರಿನಲ್ಲಿ ಇರುವಾಗಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ. ಬರ್ಲಿನ್‌ನಲ್ಲಿ ನೀವಿರುವ ಬಡಾವಣೆಯ ಕಚೇರಿಗೇ ಹೋಗಬೇಕೆಂದಿಲ್ಲ, ನಗರದ ಯಾವ ಕಚೇರಿಯಲ್ಲಿ ಸಮಯ ಸಿಕ್ಕರೂ ಸರಿ.

ಇನ್ನು ಹಣ. ವಿದ್ಯಾರ್ಥಿ ವೀಸಾಕ್ಕೆಂದು ಮೊದಲೇ ಹಣ ತುಂಬಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಬೇಕಾದ ಬ್ಲಾಕ್ಡ್ ಖಾತೆಯ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ಊಟ, ವಿಮೆ ಎಲ್ಲ ಇದರೊಳಗೇ. ಜಾಹೀರಾತಿನಲ್ಲಿ ತಣ್ಣನೆ ಬಾಡಿಗೆ, ಬೆಚ್ಚನೆ ಬಾಡಿಗೆ ಎಂದು ಎರಡು ಅಂಕಿ ಇರುತ್ತವೆ. ತಣ್ಣನೆಯದು ಬರಿಯ ಮನೆಯದು. ಮನೆ ಕಾಯಿಸುವ ಖರ್ಚು, ನೀರು, ಕಸ ಸೇರಿದರೆ ಬೆಚ್ಚನೆಯದು. ಹೋಲಿಸುವಾಗ ಬೆಚ್ಚನೆಯದನ್ನೇ ಹೋಲಿಸಿ, ಕರೆಂಟು ಸೇರಿದೆಯೇ ಎಂದು ಬೇರೆಯಾಗಿ ಕೇಳಿ. ಮುಂಗಡದ ವಿಚಾರದಲ್ಲಿ ಮಾತ್ರ ನಮಗಿಂತ ಅಲ್ಲಿ ನೆಮ್ಮದಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಇಲ್ಲವೇ ಲಕ್ಷಗಟ್ಟಲೆ ಇಟ್ಟು ಭೋಗ್ಯಕ್ಕೆ ಹಿಡಿದು ರೂಢಿಯಾದವರಿಗೆ ಆಶ್ಚರ್ಯವಾಗಬಹುದು: ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ನೋಂದಣಿಯ ನಂತರ ಬರುವ ರೇಡಿಯೋ-ಟಿವಿ ಶುಲ್ಕದ ಪತ್ರ ಕಂಡು ಗಾಬರಿಯಾಗಬೇಡಿ. ತಿಂಗಳಿಗೆ 18.36 ಯೂರೋ, ಅದೂ ಮನೆಗೊಂದು. ಜೊತೆಯವರು ಕಟ್ಟುತ್ತಿದ್ದರೆ ಅವರ ಶುಲ್ಕದ ಸಂಖ್ಯೆ ಬರೆದು ಕಳಿಸಿದರೆ ಸಾಕು.

ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ ಆಸ್ಪತ್ರೆಯೇ ಕ್ವಾರ್ಟರ್ಸ್ ಕೊಡುವುದುಂಟು. ಅದಿದ್ದರೆ ಎರಡನೇ ಯೋಚನೆ ಬೇಡ, ಒಪ್ಪಿಕೊಳ್ಳಿ. ಸಂಬಳದಿಂದ ಎಷ್ಟು ಹಿಡಿಯುತ್ತಾರೆ, ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು ಎಂಬೆರಡನ್ನು ಕರಾರಿನಲ್ಲಿ ಓದಿಕೊಂಡರಾಯಿತು. ವಿದ್ಯಾರ್ಥಿಗಳು ಪ್ರವೇಶಪತ್ರ ಬಂದ ದಿನವೇ ಸ್ಟುಡೀರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್ ಸರದಿಯಲ್ಲಿ ಹೆಸರು ಹಾಕಬೇಕು. ದೊಡ್ಡ ಊರುಗಳಲ್ಲಿ ಸರದಿ ಬರಲು ಒಂದೆರಡು ಸೆಮಿಸ್ಟರ್ ಕಳೆಯಲೂಬಹುದು.

ಬೇರೆ ದೇಶಗಳಲ್ಲಿ ಲೆಕ್ಕ ಸ್ವಲ್ಪ ಬದಲು. ನೆದರ್‌ಲೆಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಐದೇ ದಿನದಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೂ ‘ನೋಂದಣಿ ಇಲ್ಲ’ ಎಂದು ಬರೆದ ಕೋಣೆಗಳ ಜಾಹೀರಾತು ಅಲ್ಲಿ ಬಹಳ. ಅವು ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. ಫ್ರಾನ್ಸ್‌ನಲ್ಲಿ ಜಾಮೀನುದಾರರನ್ನು ಕೇಳುತ್ತಾರೆ. ಮೂವತ್ತು ವರ್ಷದೊಳಗಿನವರಿಗೆ ವಿಸಾಲ್ ಎಂಬ ಉಚಿತ ಜಾಮೀನಿನ ವ್ಯವಸ್ಥೆ ಇದೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಜರ್ಮನಿಯಂಥ ವಿಳಾಸ ನೋಂದಣಿ ಇಲ್ಲ, ಅಲ್ಲಿರುವುದು ಮನೆಗಳ ಬರ.

ಬರ ಇರುವಲ್ಲಿ ಮೋಸವೂ ಇರುತ್ತದೆ. ಅದರ ಕತೆ ಎಲ್ಲ ಊರಲ್ಲೂ ಒಂದೇ: ಚಂದದ ಫೋಟೋಗಳು, ನಂಬಲಾಗದಷ್ಟು ಕಡಿಮೆ ಬಾಡಿಗೆ, ಮಾಲೀಕರು ಬೇರೆ ದೇಶದಲ್ಲಿ ಇದ್ದಾರೆಂಬ ಮಾತು, ಠೇವಣಿ ಕಳಿಸಿದರೆ ಕೀಯನ್ನು ಕೊರಿಯರ್ ಮಾಡುತ್ತೇವೆಂಬ ಭರವಸೆ. ನಿಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ಕೇಳುತ್ತಾರೆ, ಆಮೇಲೆ ಅದನ್ನೇ ತೋರಿಸಿ ಇನ್ನೊಬ್ಬರನ್ನು ನಂಬಿಸುತ್ತಾರೆ. ಹೋಗುವ ಊರಲ್ಲಿ ನೆಂಟರಿಲ್ಲದಿದ್ದರೂ ಕನ್ನಡಿಗರು ಇರುತ್ತಾರೆ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ, ಫ್ರಾಂಕ್‌ಫರ್ಟ್ ಸೀಮೆಯಲ್ಲಿ ರೈನ್ ಮೈನ್ ಕನ್ನಡ ಸಂಘವಿದೆ. ಅಲ್ಲಿರುವ ಯಾರನ್ನಾದರೂ ಸಂಕೋಚ ಬಿಟ್ಟು ಕೇಳಿ, ಒಮ್ಮೆ ಹೋಗಿ ಕೋಣೆ ನೋಡಿ ಬರಲು ವಿನಂತಿಸಿ. ಅದಾಗದಿದ್ದರೆ ವಿಡಿಯೋ ಕರೆಯಲ್ಲಿ ಮನೆಯ ಒಳಗು, ಬೀದಿಯ ಹೆಸರಿನ ಫಲಕ, ಬಾಗಿಲ ಬಳಿಯ ಅಂಚೆ ಪೆಟ್ಟಿಗೆ ತೋರಿಸಲು ಹೇಳಿ. ಈ ವಿಳಾಸದಲ್ಲಿ ನೋಂದಣಿಗೆ ಪತ್ರ ಕೊಡುತ್ತೀರಾ ಎಂಬ ಪ್ರಶ್ನೆಗೆ ಬರಹದಲ್ಲಿ ‘ಹೌದು’ ಬರುವ ತನಕ, ಕೋಣೆ ಎಷ್ಟೇ ಹಿಡಿಸಿದ್ದರೂ, ಒಂದು ಯೂರೋವನ್ನೂ ಕಳಿಸಬೇಡಿ.